ಯಾವುದಕ್ಕಿಂತ ಬೆಟರ್?

ಹತ್ತಿ ಹಂಗಾಮು ಶುರುವಾಯಿತೆಂದರೆ ಆಂಧ್ರದ ಆದವಾನಿಯ ಮಾರ್ಕೆಟ್ ಯಾರ್ಡಿನಲ್ಲಿ ಬೆಳಗಿನಿಂದ ಕಿವಿಗೆ ಬೀಳುವುದೆಲ್ಲ ಹೋಲಿಕೆಯ ಮಾತೇ. ಖರೀದಿಗೆ ಬಂದವನು ರಾಶಿಯೊಳಗೆ ಕೈ ತೂರಿಸಿ ಒಂದು ಹಿಡಿ ಹತ್ತಿ ತೆಗೆಯುತ್ತಾನೆ. ಎರಡೂ ಕೈಯ ಹೆಬ್ಬೆರಳು, ತೋರುಬೆರಳ ನಡುವೆ ಅದನ್ನು ಹಿಡಿದು ಎಳೆಯುತ್ತಾನೆ, ಎಳೆಗಳನ್ನು ಒಂದರ ಮೇಲೊಂದು ಜೋಡಿಸಿ ಮತ್ತೆ ಎಳೆಯುತ್ತಾನೆ. ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಬಾಯಿಂದ ಮಾತು ಬರುತ್ತದೆ: "ನಿನ್ನೆ ಮಾಲಿಗಿಂತ ಇದು ಬೇಸೈತಿ ನೋಡಣ್ಣ." ಪಕ್ಕದ ರಾಶಿಯ ಹತ್ತಿರ ಇನ್ನೊಬ್ಬರು ತೆಲುಗಿನಲ್ಲಿ "ದಾನಿಕಂಟೆ ಇದಿ ಮೇಲು" ಅನ್ನುತ್ತಾರೆ. ಅದರಾಚೆ ದಖ್ಖನಿಯಲ್ಲಿ "ಉಸ್ಸೆ ಯೇ ಅಚ್ಛಾ". ಫೋನ್ ಕಿವಿಗಿಟ್ಟುಕೊಂಡು ಓಡಾಡುವ ಎಳೆಯ ವ್ಯಾಪಾರಿಗಳು ಈ ಮೂರನ್ನೂ ಬಿಟ್ಟು "ಇದು ಬೆಟರ್" ಎಂದು ಮುಗಿಸುತ್ತಾರೆ.

ಈ ಕೊನೆಯ ಮಾತು ಈಗ ಕರ್ನೂಲು ಜಿಲ್ಲೆಯ ಪಡುವಣ ಭಾಗದಲ್ಲೆಲ್ಲ ಹರಡಿದೆ. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರ್ವಿ, ಆಲೂರಿನ ಕಡೆ ಯಾರ ಮನೆಗೆ ಹೋದರೂ ಕೇಳುತ್ತದೆ. ಯಾವ ಬೀಜ ಬೆಟರ್, ಯಾವ ಆಸ್ಪತ್ರೆ ಬೆಟರ್, ಮಗುವನ್ನು ಯಾವ ಶಾಲೆಗೆ ಹಾಕಿದರೆ ಬೆಟರ್. ಇಂಗ್ಲಿಷಿನ ನೂರಾರು ಶಬ್ದ ಕನ್ನಡಕ್ಕೆ ಬಂದು ನೆಲೆಸಿವೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಈ ಒಂದು ಶಬ್ದದ ಮೇಲೆ ಮಾತ್ರ ಕಣ್ಣಿಡಬೇಕು ಅನ್ನಿಸುತ್ತದೆ. ಇದು ಬಂದ ಕಡೆ ನಮ್ಮ ಮಾತಿನಲ್ಲಿ ಮೊದಲಿನಿಂದ ಇದ್ದ ಒಂದು ಸಣ್ಣ ತುಂಡು ಸದ್ದಿಲ್ಲದೆ ಉದುರಿಹೋಗುತ್ತಿದೆ. ಆ ತುಂಡು 'ಗಿಂತ'.

ಇಂಗ್ಲಿಷಿನಲ್ಲಿ ಎರಡು ವಸ್ತುಗಳನ್ನು ಹೋಲಿಸುವಾಗ ಗುಣವಾಚಕವೇ ವೇಷ ಬದಲಿಸುತ್ತದೆ. ಟಾಲ್ ಇದ್ದದ್ದು ಟಾಲರ್ ಆಗುತ್ತದೆ, ಗುಡ್ ಇದ್ದದ್ದು ಗುರುತೇ ಸಿಗದಂತೆ ಬೆಟರ್ ಆಗುತ್ತದೆ. ಕನ್ನಡದಲ್ಲಿ ಗುಣ ಕದಲುವುದಿಲ್ಲ. ಉದ್ದ ಉದ್ದವೇ, ಒಳ್ಳೇದು ಒಳ್ಳೇದೇ. ಯಾವುದರ ಜೊತೆ ಹೋಲಿಸುತ್ತೇವೋ ಆ ವಸ್ತುವಿಗೆ ಗುರುತು ಬೀಳುತ್ತದೆ: ಅದಕ್ಕಿಂತ, ನನಗಿಂತ, ನಿನ್ನೆಗಿಂತ. ಅದಕ್ಕೆ, ನನಗೆ ಎಂಬ ಚತುರ್ಥಿಯ ರೂಪದ ಬೆನ್ನಿಗೆ 'ಇಂತ' ಕೂತಿರುವುದು ಕಣ್ಣಿಗೇ ಕಾಣುತ್ತದೆ. ತೆಲುಗಿನ 'ಕಂಟೆ', 'ಕನ್ನಾ' ಮಾಡುವುದೂ ಇದೇ ಕೆಲಸ. ದಖ್ಖನಿಯ 'ಸೆ' ಮಾಡುವುದೂ ಇದೇ. ಎರಡು ದ್ರಾವಿಡ ಭಾಷೆ, ಒಂದು ಉತ್ತರದಿಂದ ಬಂದ ಭಾಷೆ, ಮೂರೂ ಒಂದೇ ಬೀದಿಯಲ್ಲಿ ಬಾಳುತ್ತ ಹೋಲಿಕೆಯ ವಿಷಯದಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತವೆ. ಮೊದಲು ಯಾವುದಕ್ಕಿಂತ ಅನ್ನುವುದನ್ನು ಹೇಳು, ಆಮೇಲೆ ಗುಣ ಹೇಳು.

ನೂರಕ್ಕೂ ಹೆಚ್ಚು ಭಾಷೆಗಳ ಹೋಲಿಕೆಯ ಕ್ರಮವನ್ನು ಒಟ್ಟಿಗೆ ಇಟ್ಟು ನೋಡಿದ ಡಚ್ ಭಾಷಾವಿಜ್ಞಾನಿ ಲಿಯಾನ್ ಸ್ಟಾಸೆನ್ 1985ರಲ್ಲಿ ತೋರಿಸಿದ್ದೂ ಇದಕ್ಕೆ ಒಪ್ಪುತ್ತದೆ. 'ಅದರಿಂದ ಇದು ದೊಡ್ಡದು' ಎಂಬ ಧಾಟಿ ಜಗತ್ತಿನ ಎಷ್ಟೋ ಕಡೆ ಇದೆ. ಇಂಗ್ಲಿಷಿನ 'ದ್ಯಾನ್'ನಂಥ ಪ್ರತ್ಯೇಕ ಅವ್ಯಯ ಇಟ್ಟುಕೊಂಡು ಹೋಲಿಸುವ ಕ್ರಮ ಹೆಚ್ಚಾಗಿ ಕಾಣುವುದು ಯುರೋಪಿನಲ್ಲಿ. ಆದವಾನಿಯ ಕನ್ನಡ ಮಾಧ್ಯಮದ ಹುಡುಗ 'ರವಿ ಈಸ್ ಟಾಲ್ ದ್ಯಾನ್ ರಾಜು' ಎಂದು ಬರೆದಾಗ ಕೆಂಪು ಶಾಯಿ ಬೀಳುತ್ತದೆ. ಆ ವಾಕ್ಯದ ಹಿಂದೆ ಮೂರು ಭಾಷೆಗಳ ಸರಿಯಾದ ವ್ಯಾಕರಣ ಕೆಲಸ ಮಾಡಿದೆ ಎಂಬುದು ಕೆಂಪು ಗೆರೆ ಎಳೆದವರ ಗಮನಕ್ಕೆ ಬರುವುದಿಲ್ಲ. 'ಮೋರ್ ಬೆಟರ್' ಅನ್ನುವುದೂ ಹಾಗೆಯೇ. ಬೆಟರ್ ಅನ್ನುವುದನ್ನು ನಾವು 'ಒಳ್ಳೇದು' ಎಂದೇ ತಿಳಿದುಕೊಂಡಿದ್ದೇವೆ, ಆದ್ದರಿಂದ 'ಇನ್ನೂ' ಸೇರಿಸಬೇಕಾಗುತ್ತದೆ. ಇನ್ನೊಂದು ತಪ್ಪು 'ಜೂನಿಯರ್ ದ್ಯಾನ್ ಮಿ'. ಸೀನಿಯರ್, ಜೂನಿಯರ್, ಸುಪೀರಿಯರ್ ಇವೆಲ್ಲ ಲ್ಯಾಟಿನ್ನಿನಿಂದ ತುಲನೆಯ ರೂಪದಲ್ಲೇ ಬಂದ ಶಬ್ದಗಳು. ಅವಕ್ಕೆ 'ದ್ಯಾನ್' ಹಾಕಬಾರದು, 'ಟು' ಹಾಕಬೇಕು. ಇದನ್ನು ಕನ್ನಡದ ಮಗುವಿಗೆ ಹೇಳಿಕೊಡುವುದು ಕಷ್ಟವಲ್ಲ. 'ನನಗಿಂತ' ಅನ್ನುವುದರೊಳಗೆ 'ನನಗೆ' ಇದೆಯಲ್ಲ, ಆ 'ಗೆ'ಯೇ ಅಲ್ಲಿ 'ಟು' ಎಂದರೆ ಮಗು ಮರೆಯುವುದಿಲ್ಲ.

ಗುಡ್, ಬೆಟರ್, ಬೆಸ್ಟ್ ಎಂದು ತರಗತಿಯಲ್ಲಿ ರಾಗವಾಗಿ ಹೇಳಿಸುವುದು ಎಲ್ಲ ಕಡೆಯೂ ಇರುವ ಪದ್ಧತಿ. ಗುಡ್‌ಗೂ ಬೆಟರ್‌ಗೂ ರೂಪದಲ್ಲಿ ಸಂಬಂಧವೇ ಇಲ್ಲ. ಬೇರೆ ಮೂಲದ ಎರಡು ಶಬ್ದಗಳು ಒಂದೇ ಪಟ್ಟಿಯೊಳಗೆ ಬಂದಿವೆ. ಇಂಥ ಬೆಸುಗೆಯನ್ನು ಮುನ್ನೂರರಷ್ಟು ಭಾಷೆಗಳಲ್ಲಿ ಹುಡುಕಿದ ಭಾಷಾವಿಜ್ಞಾನಿ ಜೊನಾಥನ್ ಬೊಬಾಲ್ಜಿಕ್ 2012ರ ತಮ್ಮ ಪುಸ್ತಕದಲ್ಲಿ ಒಂದು ನಿಯಮವನ್ನೇ ಮುಂದಿಟ್ಟರು. ಎರಡನೆಯ ರೂಪ ಬೇರೆ ಮೂಲದ್ದಾದರೆ ಮೂರನೆಯದು ಮತ್ತೆ ಮೊದಲಿನದಕ್ಕೆ ಹಿಂತಿರುಗುವುದಿಲ್ಲ. ಗುಡ್, ಬೆಟರ್, ಗುಡೆಸ್ಟ್ ಎಂಬ ಸಾಲು ಭಾಷೆಗಳಲ್ಲಿ ಹುಟ್ಟುವುದಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಹೇಳಿದರೆ ಬಾಯಿಪಾಠಕ್ಕಿಂತ ಹೆಚ್ಚು ಕಾಲ ನೆನಪಿರುತ್ತದೆ ಎಂದು ನನ್ನ ನಂಬಿಕೆ.

ಈ ಸೀಮೆಯ ದೊಡ್ಡ ಸೊಗಸು ಇರುವುದು ಇನ್ನೊಂದು ಕಡೆ. ಆದವಾನಿಯಿಂದ ಉತ್ತರಕ್ಕೆ ಹೋದರೆ ತುಂಗಭದ್ರೆಯ ದಂಡೆಯ ಮೇಲೆ ಮಂತ್ರಾಲಯ. ರಾಘವೇಂದ್ರ ಸ್ವಾಮಿಗಳು ಅಲ್ಲಿ 1671ರಲ್ಲಿ ಬೃಂದಾವನಸ್ಥರಾದರು. ಅಲ್ಲಿಗೆ ಕನ್ನಡ ನಾಡಿನಿಂದ ಹರಿದುಬರುವ ಭಕ್ತರಿಗೆ ಮಾಧ್ವರ ಒಂದು ಮಾತು ಚೆನ್ನಾಗಿ ಗೊತ್ತು: ತಾರತಮ್ಯ. ದೇವತೆಗಳಲ್ಲಿ, ಜೀವರಲ್ಲಿ ಮೇಲು ಕೆಳಗಿನ ಕ್ರಮವಿದೆ ಎಂಬುದು ದ್ವೈತ ಸಿದ್ಧಾಂತದ ಒಂದು ಕಂಬ. ನದಿಯಾಚೆ ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ದಲ್ಲಿ ತಾರತಮ್ಯದ ಹೆಸರಿನ ಸಂಧಿಗಳೇ ಇವೆ. ಕರ್ನೂಲು ಜಿಲ್ಲೆಯ ಚಿಪ್ಪಗಿರಿಯಲ್ಲಿ ಕೊನೆಯುಸಿರೆಳೆದ ವಿಜಯದಾಸರದೂ ಅದೇ ಪರಂಪರೆ. ಈ ಶಬ್ದವನ್ನು ಬಿಡಿಸಿದರೆ ಒಳಗೆ ಸಿಗುವುದು ಸಂಸ್ಕೃತದ 'ತರ' ಮತ್ತು 'ತಮ'. ಇಂಗ್ಲಿಷ್ ಮೇಷ್ಟ್ರು ಕರಿಹಲಗೆಯ ಮೇಲೆ ಬರೆಯುವ ಕಂಪ್ಯಾರೆಟಿವ್, ಸೂಪರ್‌ಲೇಟಿವ್ ಎರಡೂ ಒಂದೇ ಶಬ್ದದಲ್ಲಿ! ಇವತ್ತಿನ ಪತ್ರಿಕೆಯಲ್ಲಿ ಅದೇ ಶಬ್ದ ಲಿಂಗ ತಾರತಮ್ಯ, ಜಾತಿ ತಾರತಮ್ಯ ಎಂದು ಅನ್ಯಾಯದ ಹೆಸರಾಗಿದೆ. ಹೋಲಿಕೆಯ ಪ್ರತ್ಯಯವೊಂದು ತತ್ತ್ವವಾಗಿ, ಆಮೇಲೆ ದೂರಾಗಿ ನಡೆದುಬಂದ ದಾರಿ ಇದು. ಇತ್ತ 'ಗುರುತರ' ಎಂಬ ಶಬ್ದದಲ್ಲಿ 'ತರ' ಹೆಸರಿಗಷ್ಟೇ ಉಳಿದಿದೆ. ಗುರುತರ ಜವಾಬ್ದಾರಿ ಎಂದಾಗ ಯಾರೂ ಯಾವುದಕ್ಕಿಂತ ಗುರು ಎಂದು ಕೇಳುವುದಿಲ್ಲ.

ಈಗ ಆದವಾನಿಯ ಜಾಮಿಯಾ ಮಸೀದಿಯ ಕಡೆ ಬನ್ನಿ. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಇಲ್ಲಿ ಆಡಳಿತ ಮಾಡುತ್ತಿದ್ದ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಮಸೀದಿ ಅದು. ಮಂಚಾಲೆ ಎಂಬ ಹಳೆಯ ಹೆಸರಿನ ಮಂತ್ರಾಲಯವನ್ನು ರಾಯರಿಗೆ ಕೊಟ್ಟವನೂ ಇವನೇ ಎಂದು ಮಠದ ಪರಂಪರೆ ಹೇಳುತ್ತದೆ. ಈ ಊರಿನ ಉರ್ದು ಮಾತಿನಲ್ಲಿ 'ಒಳ್ಳೇದಕ್ಕಿಂತ ಒಳ್ಳೇದು' ಎಂಬುದಕ್ಕೆ ಪಾರಸಿಯಿಂದ ಬಂದ 'ಬೆಹತರ್' ಇದೆ. ಅದರ ಕೊನೆಯ 'ತರ್' ಸಂಸ್ಕೃತದ 'ತರ'ದ ಒಡಹುಟ್ಟು. ಮಠದ ಪಾಠದಲ್ಲಿ ಕೇಳುವ ತಾರತಮ್ಯಕ್ಕೂ ಮಸೀದಿಯ ಬೀದಿಯಲ್ಲಿ ಕೇಳುವ ಬೆಹತರ್‌ಗೂ ಒಂದೇ ಬೇರು. ಬೆಹತರ್ ಮತ್ತು ಬೆಟರ್ ಕಿವಿಗೆ ಅಣ್ಣತಮ್ಮಂದಿರ ಹಾಗೆ ಕೇಳುತ್ತವಾದರೂ ಅವು ಒಂದೇ ಶಬ್ದದಿಂದ ಬಂದವಲ್ಲ. ಧ್ವನಿ ಕಾಕತಾಳೀಯವಾಗಿ ಕೂಡಿದೆ ಅಷ್ಟೆ. ಇಂಗ್ಲಿಷಿಗೂ ಸಂಸ್ಕೃತಕ್ಕೂ ನಿಜವಾದ ನಂಟು ಬೇಕಾದರೆ ಬೆಸ್ಟ್‌ನ 'ಸ್ಟ್' ಹಿಡಿಯಬೇಕು. ಶ್ರೇಷ್ಠ, ಕನಿಷ್ಠ, ಗರಿಷ್ಠ, ಜ್ಯೇಷ್ಠ ಇವುಗಳ 'ಇಷ್ಠ' ಮತ್ತು ಇಂಗ್ಲಿಷಿನ 'ಎಸ್ಟ್' ಒಂದೇ ಮೂಲದವು.

ಯಾರ್ಡಿನಲ್ಲಿ ಕೇಳಿದ 'ಬೇಸು' ಕೂಡ ಸಾಮಾನ್ಯದ್ದಲ್ಲ. ಬಳ್ಳಾರಿ, ರಾಯಚೂರು, ಆದವಾನಿಯ ಕಡೆ ಬೇಸು, ಬೇಷು ಅಂದರೆ ಚೆನ್ನಾಗಿದೆ ಎಂದರ್ಥ. ಇಲ್ಲಿನ ತೆಲುಗಿನವರೂ 'ಬೇಷುಗ್ಗಾ ಉಂದಿ' ಅನ್ನುತ್ತಾರೆ. ಪಾರಸಿಯಲ್ಲಿ 'ಬೇಶ್' ಎಂದರೆ 'ಹೆಚ್ಚು'. ಉರ್ದುವಿನ 'ಕಮ್ ಓ ಬೇಶ್' ಎಂಬ ಮಾತಿನಲ್ಲಿ ಆ ಅರ್ಥ ಇನ್ನೂ ಜೀವಂತವಾಗಿದೆ. ಹೆಚ್ಚು ಎಂಬುದು ಉತ್ತಮ ಎಂದಾಗಿ, ಬರಿಯ ಒಳ್ಳೇದಾಗಿ ಈ ಕಪ್ಪು ನೆಲದಲ್ಲಿ ನೆಲೆ ನಿಂತಿತು. ಅಂದರೆ ತುಲನೆಯ ಶಬ್ದವೊಂದು ಹೊರಗಿನಿಂದ ಬಂದು ಬರಿಯ ಗುಣವಾಚಕವಾಗಿ ಸವೆದದ್ದು ಇಲ್ಲಿ ಹಿಂದೆಯೂ ನಡೆದಿದೆ. ಆದರೂ ಜನ ಗಿಂತ ಬಿಡಲಿಲ್ಲ. 'ಅದಕ್ಕಿಂತ ಇದು ಬೇಸು' ಎಂದೇ ಹೇಳುತ್ತ ಬಂದರು. ಜಾಸ್ತಿ, ಕಮ್ಮಿ ಇವೂ ಅದೇ ದಿಕ್ಕಿನಿಂದ ಬಂದು ನಮ್ಮವಾದವು.

ನಮ್ಮದೇ ಶಬ್ದಗಳಲ್ಲಿ ಬೆಟರ್‌ಗೆ ತೀರ ಹತ್ತಿರದ್ದು ಯಾವುದು? ಮೇಲು, ಲೇಸು, ಮಿಗಿಲು ಮೂರೂ ಇವೆ. ನನ್ನ ಓಟು 'ವಾಸಿ'ಗೆ. ಒಂದು ಕಾರಣ, ವಾಸಿ ಎಂದರೆ ಒಳ್ಳೇದು ಎಂದೇನೂ ಅಲ್ಲ. ಮಳೆ ಕೈಕೊಟ್ಟ ವರ್ಷ ಎಕರೆಗೆ ಬಂದ ನಾಲ್ಕು ಕಾಸನ್ನು ನೋಡಿ ರೈತ "ಏನೂ ಬರಲಾರದ್ದಕ್ಕಿಂತ ಇದೇ ವಾಸಿ" ಅನ್ನುತ್ತಾನೆ. ಎರಡೂ ಕೆಟ್ಟದ್ದೇ, ಒಂದು ಸ್ವಲ್ಪ ಕಡಿಮೆ ಕೆಟ್ಟದ್ದು. ಇಂಗ್ಲಿಷಿನ ಬೆಟರ್‌ನ ನಿಜವಾದ ಅರ್ಥವೂ ಇದೇ, ನಾವು ಅದನ್ನು ತಪ್ಪಾಗಿ 'ಒಳ್ಳೇದು' ಎಂದು ಬಳಸುತ್ತಿದ್ದೇವೆ. ಇನ್ನೊಂದು ಕಾರಣ ಕಾಯಿಲೆಯ ಮಾತು. ಇಂಗ್ಲಿಷಿನಲ್ಲಿ ರೋಗಿ ತಾನು ಬೆಟರ್ ಎಂದರೆ ಸ್ವಲ್ಪ ಗುಣವಾಗಿದೆ ಎಂದೂ ಆಗಬಹುದು, ಪೂರ್ತಿ ಗುಣವಾಗಿದೆ ಎಂದೂ ಆಗಬಹುದು. ಕನ್ನಡದ ವಾಸಿಯೂ ಹಾಗೆಯೇ ಎರಡು ದಾರಿ ಹಿಡಿದಿದೆ. 'ಜ್ವರ ವಾಸಿಯಾಯಿತು' ಎಂದರೆ ಹೋಯಿತು. 'ಮೊನ್ನೆಗಿಂತ ವಾಸಿ' ಎಂದರೆ ಇನ್ನೂ ಇದೆ. ವ್ಯತ್ಯಾಸ ಹೇಳುವುದು ಮತ್ತೆ ಆ ಗಿಂತವೇ. "ಹ್ಯಾಂಗೈತೆವ್ವ ಈಗ?" ಎಂದು ಕೇಳಿದ ಡಾಕ್ಟರಿಗೆ ಮುದುಕಿ "ಬೆಟರ್ರಿ" ಎಂದುಬಿಟ್ಟರೆ ಅವರಿಗೆ ತಿಳಿಯಬೇಕಾದ್ದು ತಿಳಿಯಲಿಲ್ಲ. "ಮೊನ್ನೆಗಿಂತ ವಾಸಿ, ನಿನ್ನೆಗಿಂತ ಏನೂ ಇಲ್ರಿ" ಎಂದರೆ ಔಷಧಿಯ ಲೆಕ್ಕ ಸರಿಯಾಗುತ್ತದೆ.

ತೆಲುಗಿನಲ್ಲಿ ಇದೇ ವಾಸಿ 'ಗುಣಮಟ್ಟ' ಎಂಬ ಅರ್ಥದಲ್ಲಿದೆ. 'ರಾಶಿ ಕನ್ನಾ ವಾಸಿ ಮೇಲು' ಎಂಬ ಗಾದೆ ಆದವಾನಿಯ ಕನ್ನಡಿಗರಿಗೂ ಬಾಯಿಗೆ ಬರುತ್ತದೆ. ಹತ್ತಿ ಪೇಟೆಗೆ ಇದಕ್ಕಿಂತ ತಕ್ಕ ಮಾತು ಸಿಗಲಿಕ್ಕಿಲ್ಲ. ಕನ್ನಡದ ಗಾದೆಗಳಂತೂ ಹೋಲಿಕೆಯ ಗಣಿ. ಮಾತು ಬೆಳ್ಳಿ, ಮೌನ ಬಂಗಾರ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಇಲ್ಲಿ ಗಿಂತವೂ ಇಲ್ಲ, ಹೆಚ್ಚು ಎಂಬ ಶಬ್ದವೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇ ಹೋಲಿಕೆ. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎನ್ನುವಾಗ ಎಲ್ಲಕ್ಕಿಂತ ಹೆಚ್ಚಿನದನ್ನು 'ಇಲ್ಲ' ಎಂಬ ಒಂದೇ ಮಾತಿನಿಂದ ಹೇಳಿಬಿಡುತ್ತೇವೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕ ಬರೆದು ಹೇಳಿದ ಮಾತು ಇಂಥ ಕಡೆ ಬಹಳ ಸರಿ ಅನ್ನಿಸುತ್ತದೆ.

ಇಂಗ್ಲಿಷ್ ಮತ್ತು ಕನ್ನಡ ಎದುರುಬದುರು ಕೂತು ಅರ್ಥ ಹುಡುಕಿಕೊಂಡದ್ದು ಈ ಸೀಮೆಗೆ ಹೊಸತಲ್ಲ. 1800ರಲ್ಲಿ ನಿಜಾಮರಿಂದ ಕಂಪನಿಯ ಕೈಗೆ ಬಂದ ದತ್ತ ಮಂಡಲಗಳಲ್ಲಿ ಆದವಾನಿಯೂ ಇತ್ತು. 1808ರಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಸೇರಿತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಅದೇ ಮಿಷನ್ನಿನ ವಿಲಿಯಂ ರೀವ್ ಬಳ್ಳಾರಿಯ ಕನ್ನಡ ಕಲಿತು ಇಂಗ್ಲಿಷ್–ಕನ್ನಡ ನಿಘಂಟು ಮಾಡಿದರು. ಅದು 1824ರಲ್ಲಿ ಅಚ್ಚಾಯಿತು. ಕಿಟ್ಟೆಲ್ ಕೋಶ ಬರಲು ಇನ್ನೂ 70 ವರ್ಷ ಇತ್ತು.

ಈ ಬಳ್ಳಾರಿ ಜಿಲ್ಲೆಯನ್ನು 1953ರಲ್ಲಿ ಒಡೆದದ್ದು ಒಂದು ತುಲನೆಯ ಪ್ರಶ್ನೆ: ಯಾವ ಭಾಷೆಯವರು ಹೆಚ್ಚು? ತಾಲ್ಲೂಕು ತಾಲ್ಲೂಕಾಗಿ ಲೆಕ್ಕ ನೋಡಿ ಆದವಾನಿ, ಆಲೂರು, ರಾಯದುರ್ಗ ಮೂರನ್ನೂ ಆ ಅಕ್ಟೋಬರ್ 1ರಂದು ಹುಟ್ಟಿದ ಆಂಧ್ರ ರಾಜ್ಯಕ್ಕೆ ಕೊಟ್ಟರು. ಬಳ್ಳಾರಿ ತಾಲ್ಲೂಕಿನ ಲೆಕ್ಕ ಸುಲಭಕ್ಕೆ ಬಗೆಹರಿಯದೆ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆಗೆ ಹೋಯಿತು, ಕೊನೆಗೆ ಮೈಸೂರಿಗೆ ಸೇರಿತು. ಇಂಥ ಲೆಕ್ಕದಲ್ಲಿ 'ಉಳಿದವರಿಗಿಂತ ಹೆಚ್ಚು' ಮತ್ತು 'ಅರ್ಧಕ್ಕಿಂತ ಹೆಚ್ಚು' ಇವೆರಡರ ನಡುವಿನ ಅಂತರ ಬಹಳ ದೊಡ್ಡದು. ಹೊಳಗುಂದ, ಹಾಲಹರ್ವಿಯ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು ಆಗಿ ಉಳಿದದ್ದು ಆ ಲೆಕ್ಕದಿಂದ.

ಈಗ ಹತ್ತಿಗೇ ವಾಪಸು ಹೋಗಿ ಒಂದು ಲೆಕ್ಕ ನೋಡೋಣ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. ಮಧ್ಯಮ ಎಂದರೆ 24.5ರಿಂದ 25.5 ಮಿಲಿಮೀಟರ್, ಉದ್ದ ಎಂದರೆ 29.5ರಿಂದ 30.5 ಮಿಲಿಮೀಟರ್. ತೇವಾಂಶ ಶೇ 8ರ ಒಳಗಿದ್ದರೆ ಪೂರ್ತಿ ಬೆಲೆ, ಅದಕ್ಕಿಂತ ಮೇಲೆ ಹೋದಂತೆ ಕಡಿತ, ಶೇ 12 ದಾಟಿದರೆ ಭಾರತೀಯ ಹತ್ತಿ ನಿಗಮ ಕೊಳ್ಳುವುದಿಲ್ಲ. ಅಂದರೆ ಎಳೆಯ ಐದು ಮಿಲಿಮೀಟರಿಗೆ 400 ರೂಪಾಯಿ ವ್ಯತ್ಯಾಸ. ಪೇಟೆಯಲ್ಲಿ 'ಉದ್ದ' ಎಂಬ ಮಾತಿಗೆ ಅಳತೆಗೋಲು ಇದೆ, ಯಾವುದಕ್ಕಿಂತ ಎಂಬ ಪ್ರಶ್ನೆಗೆ ಉತ್ತರವಿದೆ. ಒಬ್ಬ ದಲ್ಲಾಳಿ "ನಿನ್ನ ಮಾಲು ಅಷ್ಟು ಬೆಟರ್ ಇಲ್ಲಪ್ಪ" ಎಂದರೆ ರೈತ ಸುಮ್ಮನಿರಬೇಕಿಲ್ಲ. "ಯಾವುದಕಿಂತ? ಎಳಿ ಗಿಡ್ಡೋ, ಹಸಿ ಜಾಸ್ತಿಯೋ? ಯಂತ್ರ ಹಚ್ಚಿ ತೋರಿಸಣ್ಣ" ಎಂದು ಕೇಳುವ ಹಕ್ಕು ಅವನಿಗಿದೆ.

ಹತ್ತಿಯ ವಿಷಯದಲ್ಲಿ ಕೇಳುವ ಈ ಪ್ರಶ್ನೆಯನ್ನು ಮಕ್ಕಳ ಓದಿನ ವಿಷಯದಲ್ಲಿ ಯಾರೂ ಕೇಳುತ್ತಿಲ್ಲ, ನನ್ನ ಸಂಕಟ ಅದು. 'ಇಂಗ್ಲಿಷ್ ಮೀಡಿಯಂ ಬೆಟರ್' ಎಂಬ ಮಾತು ಈ ಸೀಮೆಯ ಕನ್ನಡ ಶಾಲೆಗಳ ಬುಡಕ್ಕೆ ಬಂದಿದೆ. 2019ರಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ತಂದಾಗಲೂ ಮುಂದೆ ಬಂದ ವಾದ ಇದೇ. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ನ್ಯಾಯಾಲಯದ ಮಾತು ಏನೇ ಇರಲಿ, ತಂದೆತಾಯಿಯ ಮನಸ್ಸಿನಲ್ಲಿ ಬೆಟರ್ ಗಟ್ಟಿಯಾಗಿ ಕೂತಿದೆ. ಅವರ ಆಸೆಯನ್ನು ತಪ್ಪು ಎನ್ನಲಾರೆ. ಸುಗ್ಗಿ ಮುಗಿದೊಡನೆ ಕೋಸಿಗಿ, ಕೌತಾಳಂ ಕಡೆಯಿಂದ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡಗಳಿಗೂ ಕೂಲಿಗೆ ಹೋಗುವ ಸಂಸಾರಗಳಿಗೆ ಮಕ್ಕಳ ಬಾಳು ತಮಗಿಂತ ವಾಸಿಯಾಗಲಿ ಎಂಬ ಆಸೆ ಇರುವುದು ನ್ಯಾಯವೇ. ಆದರೆ ಯಾವುದಕ್ಕಿಂತ ಬೆಟರ್? ಮೇಷ್ಟ್ರು ಇಲ್ಲದ ಕನ್ನಡ ಶಾಲೆಗಿಂತ ಮೇಷ್ಟ್ರು ಇರುವ ಇಂಗ್ಲಿಷ್ ಶಾಲೆ ಬೆಟರ್ ಎಂದರೆ ಅಲ್ಲಿ ಗೆದ್ದದ್ದು ಮೇಷ್ಟ್ರು, ಭಾಷೆಯಲ್ಲ. ಅರ್ಥವಾಗದ ಇಂಗ್ಲಿಷ್ ಪಾಠಕ್ಕಿಂತ ಅರ್ಥವಾಗುವ ಕನ್ನಡ ಪಾಠ, ಜೊತೆಗೆ ಚೆನ್ನಾಗಿ ಕಲಿಸಿದ ಇಂಗ್ಲಿಷ್, ಇವೆರಡನ್ನು ಪಕ್ಕಪಕ್ಕ ಇಟ್ಟು ಯಾರಾದರೂ ಕೇಳಿದ್ದಾರೆಯೇ? ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆದವಾನಿಯ ಕನ್ನಡಿಗರು ಅಂಥ ಅಲ್ಪಸಂಖ್ಯಾತರು.

ಆದ್ದರಿಂದ ಈ ಸೀಮೆಯ ಕನ್ನಡ ಶಾಲೆಗಳ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ಒಂದು ಕೋರಿಕೆ. ಡಿಗ್ರೀಸ್ ಆಫ್ ಕಂಪ್ಯಾರಿಸನ್ ಪಾಠ ಬಂದ ದಿನ ಪಟ್ಟಿ ಬಾಯಿಪಾಠ ಮಾಡಿಸುವ ಮೊದಲು ಮಕ್ಕಳಿಂದಲೇ ಗಿಂತ, ಕಂಟೆ, ಸೆ ಮೂರರಲ್ಲೂ ಒಂದೊಂದು ವಾಕ್ಯ ಹೇಳಿಸಿ. ಆಮೇಲೆ ದ್ಯಾನ್ ಕಲಿಸಿ. ಮಕ್ಕಳನ್ನು ಶಾಲೆಗೆ ಸೇರಿಸುವ ತಿಂಗಳು ಬಂದಾಗ ತಂದೆತಾಯಿಯರೂ ಬೆಟರ್ ಎಂದವರನ್ನು ತಡೆದು ಒಂದು ಮಾತು ಕೇಳಲಿ: ಯಾವುದಕ್ಕಿಂತ?